ಹೊಟ್ಟೆಯ ಹುಳುವೂ ರಕ್ತದ ವರದಿಯೂ

ರಕ್ತಪರೀಕ್ಷೆಯ ವರದಿ ಕೈಗೆ ಬಂದರೆ ಹೆಚ್ಚಿನವರ ಕಣ್ಣು ಹೋಗುವುದು ಹಿಮೊಗ್ಲೋಬಿನ್ ಮೇಲೆ, ಇಲ್ಲವೇ ಸಕ್ಕರೆಯ ಮೇಲೆ. ಅದೇ ಹಾಳೆಯಲ್ಲಿ ಬಿಳಿ ರಕ್ತಕಣಗಳ ಲೆಕ್ಕದ ನಡುವೆ ಇಯೊಸಿನೊಫಿಲ್ ಎಂಬ ಸಾಲೊಂದಿರುತ್ತದೆ. ಆರೋಗ್ಯವಂತರಲ್ಲಿ ಅದು ಸಾಮಾನ್ಯವಾಗಿ ಶೇ 1ರಿಂದ 6. ಹದಿನೈದೋ ಇಪ್ಪತ್ತೋ ಕಂಡರೆ ಡಾಕ್ಟರು ಕೇಳುವುದು ಎರಡೇ ಪ್ರಶ್ನೆ: ಅಲರ್ಜಿ ಇದೆಯಾ? ಹುಳುವಿನ ಮಾತ್ರೆ ತಗೊಂಡು ಎಷ್ಟು ದಿನ ಆಯ್ತು?

ಅಲರ್ಜಿಗೂ ಜಂತುಹುಳುವಿಗೂ ಎತ್ತಣ ನಂಟು ಅನ್ನಿಸಬಹುದು. ನಂಟು ಹತ್ತಿರದ್ದೇ.

ಬ್ಯಾಕ್ಟೀರಿಯಾ ಒಳಗೆ ಬಂದರೆ ಬಿಳಿ ರಕ್ತಕಣ ಅದನ್ನು ನುಂಗಿ ಅರಗಿಸಿಕೊಳ್ಳುತ್ತದೆ. ಹುಳುವಿನ ಮುಂದೆ ಆ ಆಟ ನಡೆಯುವುದಿಲ್ಲ. ದುಂಡುಹುಳು ಗೇಣುದ್ದ ಮೀರಿ ಬೆಳೆಯುತ್ತದೆ. ಬರೀ ಒಂದು ಸೆಂಟಿಮೀಟರಿನ ಕೊಕ್ಕೆಹುಳು ಕೂಡ ರಕ್ತಕಣಕ್ಕಿಂತ ಸುಮಾರು ಸಾವಿರ ಪಟ್ಟು ಉದ್ದ. ನುಂಗಲಾಗದ್ದನ್ನು ಹೊರಗೆ ದಬ್ಬುವುದೇ ಸರಿ ಎಂದು ದೇಹ ಬೇರೆ ದಾರಿ ಹಿಡಿಯುತ್ತದೆ.

ಮೊದಲು ಸುಳಿವು ಹಿಡಿಯುವುದು ಟಫ್ಟ್ ಕೋಶಗಳು. ಕರುಳಿನ ಒಳಪದರದಲ್ಲಿ ಅಲ್ಲೊಂದು ಇಲ್ಲೊಂದು, ತಲೆಯ ಮೇಲೆ ಕುಚ್ಚು ಹೊತ್ತು ಕೂತಿರುವ ಇವುಗಳಿಗೆ ಅಲ್ಲೇನು ಕೆಲಸ ಎಂಬುದು ದಶಕಗಳ ಕಾಲ ಒಗಟಾಗಿತ್ತು. 2016ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳು ಒಗಟು ಬಿಡಿಸಿದವು. ಹುಳು ಬಂದದ್ದನ್ನು ಗ್ರಹಿಸಿ ಇಂಟರ್‌ಲ್ಯೂಕಿನ್-25 ಎಂಬ ರಾಸಾಯನಿಕದ ಮೂಲಕ ಸುದ್ದಿ ಮುಟ್ಟಿಸುವುದು ಇವೇ. ಸುದ್ದಿ ತಲುಪಿದ ರಕ್ಷಣಾ ಕೋಶಗಳು ಇಂಟರ್‌ಲ್ಯೂಕಿನ್-13 ಬಿಡುತ್ತವೆ. ಆಮೇಲೆ ಕರುಳಲ್ಲಿ ಲೋಳೆ ಹೆಚ್ಚುತ್ತದೆ, ನೀರು ಒಸರುತ್ತದೆ, ಸ್ನಾಯುಗಳು ಜೋರಾಗಿ ಹಿಂಡುತ್ತವೆ. ಅಂಗಳಕ್ಕೆ ನೀರು ಸುರಿದು ಕಡ್ಡಿಪೊರಕೆಯಲ್ಲಿ ಗುಡಿಸಿದಂತೆ.

ಅತ್ತ ರಕ್ತದಲ್ಲಿ ಐಜಿಇ ಎಂಬ ಪ್ರತಿಕಾಯ ಏರುತ್ತದೆ, ಮಾಸ್ಟ್ ಕೋಶಗಳು ಹಿಸ್ಟಮಿನ್ ಚೆಲ್ಲುತ್ತವೆ. ಇಯೊಸಿನೊಫಿಲ್‌ಗಳು ಹುಳುವಿನ ಮರಿಗೆ ಮುತ್ತಿಕೊಂಡು ತಮ್ಮೊಳಗಿನ ವಿಷಕಣಗಳನ್ನು ಅದರ ಮೈಮೇಲೆ ಸುರಿಯುತ್ತವೆ. ಇದೇ ಪಡೆ ಹೂವಿನ ಪರಾಗದ ಮೇಲೆ ತಿರುಗಿಬಿದ್ದರೆ ಅದು ಅಲರ್ಜಿ: ಸೀನು, ತುರಿಕೆ, ಉಬ್ಬಸ.

ಆ ತುರಿಕೆಯಿಂದಲೇ ವಿಜ್ಞಾನಕ್ಕೆ ಒಂದು ಸತ್ಯ ಗೊತ್ತಾಯಿತು. ಕೈರೋದಲ್ಲಿದ್ದ ಜರ್ಮನ್ ವಿಜ್ಞಾನಿ ಆರ್ಥರ್ ಲೂಸ್ 1898ರ ಸುಮಾರಿಗೆ ಗಿನಿಯಿಲಿಗಳಿಗೆ ಕೊಕ್ಕೆಹುಳುವಿನ ಮರಿಗಳಿದ್ದ ನೀರು ಕುಡಿಸುತ್ತಿದ್ದಾಗ ಒಂದಿಷ್ಟು ಅವರ ಕೈಮೇಲೆ ಚೆಲ್ಲಿತು. ಚರ್ಮ ಕೆಂಪಾಗಿ ನವೆಯೆದ್ದಿತು. ಕೆಲವು ವಾರಗಳ ಬಳಿಕ ನೋಡಿದರೆ ಅವರ ಮಲದಲ್ಲೇ ಹುಳುವಿನ ಮೊಟ್ಟೆ! ಕೊಕ್ಕೆಹುಳು ಬಾಯಿಯಿಂದಷ್ಟೇ ಅಲ್ಲ, ಚರ್ಮ ಕೊರೆದೂ ಒಳಗೆ ಬರುತ್ತದೆ ಎಂಬುದು ಹೀಗೆ ಬಯಲಾಯಿತು.

ಇಷ್ಟೆಲ್ಲ ಸಿದ್ಧತೆಯಿದ್ದೂ ಹುಳುಗಳು ವರ್ಷಗಟ್ಟಲೆ ಒಳಗೇ ಬಾಳುತ್ತವೆ. ಅವು ಹೊರಬಿಡುವ ವಸ್ತುಗಳು ರಕ್ಷಣಾ ಪಡೆಯನ್ನು ಮಂಕಾಗಿಸುತ್ತವೆ. ದೇಹಕ್ಕೂ ಈ ರಾಜಿಯಲ್ಲಿ ಲಾಭವಿದೆ ಎನ್ನಬೇಕು, ಏಕೆಂದರೆ ಮಿತಿಮೀರಿದ ಕಾದಾಟದಿಂದ ಕೆಡುವುದು ಅದರದೇ ಅಂಗ. ಆನೆಕಾಲು ರೋಗದ ಫೈಲೇರಿಯಾ ಹುಳು ಇದಕ್ಕೆ ಒಳ್ಳೆಯ ಉದಾಹರಣೆ. ರಕ್ತದ ತುಂಬ ಮರಿಗಳನ್ನು ಹೊತ್ತೂ ಏನೂ ಆಗದವರಂತೆ ಓಡಾಡುವವರಿದ್ದಾರೆ. ಇನ್ನು ಕೆಲವರ ದೇಹ ಸಿಡಿದೇಳುತ್ತದೆ. ಮರಿಗಳು ಶ್ವಾಸಕೋಶದಲ್ಲೇ ನಾಶವಾಗಿ ರಕ್ತದಲ್ಲಿ ಒಂದೂ ಸಿಗುವುದಿಲ್ಲ. ಇಯೊಸಿನೊಫಿಲ್ ಮಾತ್ರ ಒಂದು ಮೈಕ್ರೋಲೀಟರಿಗೆ 3,000 ದಾಟಿರುತ್ತದೆ. ರಾತ್ರಿಯಿಡೀ ಕೆಮ್ಮು, ಉಬ್ಬಸ. ನಮ್ಮ ಕರಾವಳಿ, ಕಲಬುರಗಿಯಂಥ ಫೈಲೇರಿಯಾ ಕಂಡ ಪ್ರದೇಶಗಳಲ್ಲಿ ಇದನ್ನು ಅಸ್ತಮಾ ಎಂದುಕೊಂಡು ವರ್ಷಗಟ್ಟಲೆ ಇನ್‌ಹೇಲರ್ ಹಿಡಿಯುವ ಅಪಾಯವಿದೆ. ಸರಿಯಾಗಿ ಗುರುತಿಸಿದರೆ ಡಿಇಸಿ ಮಾತ್ರೆ ಮೂರು ವಾರದಲ್ಲಿ ಹಿಡಿತಕ್ಕೆ ತರುತ್ತದೆ.

ದಡಾರ ಒಮ್ಮೆ ಬಂದು ಹೋದರೆ ಸಾಮಾನ್ಯವಾಗಿ ಜೀವಮಾನದ ರಕ್ಷಣೆ ಸಿಗುತ್ತದೆ. ಹುಳುವಿನ ವಿಷಯದಲ್ಲಿ ಆ ಭಾಗ್ಯವಿಲ್ಲ. ಅದಕ್ಕೇ 2015ರಿಂದ ದೇಶದ ಶಾಲೆ, ಅಂಗನವಾಡಿಗಳಲ್ಲಿ 1ರಿಂದ 19 ವರ್ಷದವರಿಗೆ ಮತ್ತೆ ಮತ್ತೆ 400 ಮಿಲಿಗ್ರಾಂ ಅಲ್ಬೆಂಡಜೋಲ್ ಕೊಡುತ್ತಿರುವುದು. ಎರಡು ವರ್ಷದೊಳಗಿನ ಮಗುವಿಗೆ ಅರ್ಧ ಮಾತ್ರೆ, ಪುಡಿ ಮಾಡಿ ನೀರಲ್ಲಿ ಕದಡಿ. ದೊಡ್ಡ ಮಕ್ಕಳು ಅಗಿದೇ ನುಂಗಬೇಕು.