‘ಯಾವ ಕಡೆಯವರು?’ ಎಂಬ ಪ್ರಶ್ನೆ: ಮರೆತುಹೋದ ‘ನ್ಯೂ ಡೆಲ್ಲಿ’

ಪರಸ್ಥಳದಲ್ಲಿ ಕೋಣೆಯನ್ನರಸಿ ಅಲೆದ ಕನ್ನಡಿಗರಿಗೆ ಮನೆಯೊಡೆಯನ ಮೊದಲ ಪ್ರಶ್ನೆಯನ್ನು ಹೇಳಿಕೊಡಬೇಕಾಗಿಲ್ಲ. ಬಾಡಿಗೆಯ ಮಾತು ಆಮೇಲಿನದು. ‘ನೀವು ಯಾವ ಕಡೆಯವರು?’ ಎಂಬುದೇ ಮೊದಲನೆಯದು. ಈ ಪ್ರಶ್ನೆಯಿಂದಲೇ ನಗೆಯ ಹೊನಲನ್ನು ಹರಿಸಿದ ಹಿಂದಿ ಬೋಲಪಟವೊಂದು 1956ರಲ್ಲಿ ತೆರೆಕಂಡಿತು. ಮೋಹನ್ ಸೆಹಗಲ್ ನಿರ್ದೇಶಿಸಿದ ಅದರ ಹೆಸರು ‘ನ್ಯೂ ಡೆಲ್ಲಿ’.

ಕಥಾನಾಯಕ ಆನಂದ ಪಂಜಾಬಿ ತರುಣ. ದಿಲ್ಲಿಯಲ್ಲಿ ಪ್ರತಿಯೊಬ್ಬರೂ ತಮ್ಮ ಪ್ರಾಂತದವರಿಗೆ ಮಾತ್ರ ಮನೆ ಕೊಡುವುದನ್ನು ಕಂಡು ಬೇಸತ್ತು, ತಮಿಳನ ವೇಷ ತೊಟ್ಟು ಬಿಡಾರ ಸಂಪಾದಿಸುತ್ತಾನೆ. ತಮಿಳು ಕನ್ಯೆ ಜಾನಕಿಯಲ್ಲಿ ಅನುರಕ್ತನಾಗುತ್ತಾನೆ. ಅತ್ತ ಅವನ ತಂಗಿ ನಿಕ್ಕಿ ಬಂಗಾಳಿ ಚಿತ್ರಕಾರನನ್ನು ಮೆಚ್ಚುತ್ತಾಳೆ. ತಂದೆ ದೌಲತ್‌ರಾಮನಿಗೋ ಸ್ವಜನರಲ್ಲೇ ಸಂಬಂಧ ಬೆಳೆಸಬೇಕೆಂಬ ಹಟ. ಆದರೆ ಆ ಸ್ವಜನರೇ ವರದಕ್ಷಿಣೆಗೆ ಕೈಚಾಚಿದಾಗ, ತನ್ನವರು ಯಾರು, ಪರರು ಯಾರು ಎಂಬ ಪ್ರಶ್ನೆ ಅವನ ಮನೆಯಂಗಳಕ್ಕೇ ಬಂದು ನಿಲ್ಲುತ್ತದೆ. ನಗಿಸುತ್ತ ಬಂದ ಕಥೆ ಇಲ್ಲಿ ಎದೆಯನ್ನು ಮುಟ್ಟುತ್ತದೆ.

ಪಾತ್ರವರ್ಗವೂ ಸ್ವಾರಸ್ಯಕರ. ಪಂಜಾಬಿಯಾಗಿ ನಟಿಸಿದವರು ಖಾಂಡ್ವಾದಲ್ಲಿ ಹುಟ್ಟಿದ ಬಂಗಾಳಿ ಕಿಶೋರ್ ಕುಮಾರ್. ಜಾನಕಿಯಾಗಿ ಭರತನಾಟ್ಯವಾಡಿದವರು ಮೈಸೂರಿನ ನಂಟುಳ್ಳ ಅಯ್ಯಂಗಾರ್ ಮನೆತನದ ವೈಜಯಂತಿಮಾಲಾ. ಹೈದರಾಬಾದಿನಲ್ಲಿ ಬೆಳೆದ ಶಂಕರ್, ಗುಜರಾತಿನ ಜೈಕಿಶನ್ ಕೂಡಿ ಸಂಗೀತವಿತ್ತರು. ತೆರೆಯ ಮೇಲೆ ಕೂಡದ ಪ್ರಾಂತಗಳು ತೆರೆಯ ಹಿಂದೆ ಆಗಲೇ ಕೂಡಿದ್ದವು! ಮದರಾಸಿಗರ ಮಾತಿನ ಅಣಕ ಕೆಲವೆಡೆ ಅತಿಯಾಯಿತೆಂಬುದು ನಿಜ. ಆದರೆ ಅದರಲ್ಲಿ ದ್ವೇಷವಿಲ್ಲ.

ಅದೇ 1956ರ ನವೆಂಬರ್ 1ರಂದು ಭಾಷಾನುಗುಣವಾಗಿ ರಾಜ್ಯಗಳು ರೂಪುಗೊಂಡು, ಹರಿದು ಹಂಚಿದ್ದ ಕನ್ನಡಿಗರು ಒಂದಾದರು. ಆ ಹರ್ಷ ನ್ಯಾಯವಾದುದೇ. ಆದರೆ ಗಡಿಯಾಚೆ ಅನ್ನವನ್ನರಸಿ ಬಂದವರಿಗೆ ನೆರೆಯವರೊಡನೆ ಬಾಳುವ ಪಾಠವೂ ಬೇಕಿತ್ತು. ಅದನ್ನು ಈ ಚಿತ್ರ ಉಪದೇಶವಿಲ್ಲದೆ ಹೇಳಿತು. 1958ರ ‘ಚಲ್ತೀ ಕಾ ನಾಮ್ ಗಾಡಿ’, ‘ಮಧುಮತಿ’ಗಳ ಕೀರ್ತಿಯ ಮುಂದೆ ಇದು ಮಸುಕಾದುದು ಖೇದಕರ.

ಹೋಟೆಲಿನ ಗಲ್ಲಾದಲ್ಲಿಯೋ ಕಚೇರಿಯ ಮೇಜಿನ ಮುಂದೆಯೋ ದುಡಿದು ಊರಿಗೆ ಹಣ ಕಳುಹಿಸುವ ತರುಣರು ಇದನ್ನೊಮ್ಮೆ ನೋಡಬೇಕು. ಊರಿನಲ್ಲಿ ಜಾತಕ ಹಿಡಿದು ಕುಳಿತ ಹಿರಿಯರಿಗೂ ತೋರಿಸಬೇಕು. ಮಕ್ಕಳ ದುಡಿಮೆಗೆ ಪರಸ್ಥಳವಾಗುತ್ತದೆ, ಅವರ ಮನಸ್ಸಿಗೆ ಮಾತ್ರ ಆಗದೆಂದರೆ ಅದು ಯಾವ ನ್ಯಾಯ?