ಕಾಲ್ಚೆಂಡಿನ ಹುಚ್ಚು ಅವರದು, ಕಲ್ಕತ್ತೆಯ ಪ್ರವಾಸ ಇಬ್ಬರದೂ!

ಮದುವೆಯಾದ ಮೇಲೆ ನೀವಿಬ್ಬರೇ, ಬರೀ ನೀವಿಬ್ಬರೇ, ಎಷ್ಟು ಸಲ ಊರು ಬಿಟ್ಟು ಹೋಗಿದ್ದೀರಿ? ಬೆರಳು ಮಡಿಸಿ ಎಣಿಸಿ ನೋಡಿ. ಧರ್ಮಸ್ಥಳ, ತಿರುಪತಿ ಅಂದರೆ ಜೊತೆಯಲ್ಲಿ ಹತ್ತು ಜನ. ನಾದಿನಿ ಮನೆಗೆ ಹೋದರೆ ಅಲ್ಲಿಯೂ ಅಡಿಗೆಮನೆ ನಿಮ್ಮ ಕೊರಳಿಗೇ!

ಹೀಗಿರುವಾಗ ಒಂದು ಸಂಜೆ ನಿಮ್ಮ ಯಜಮಾನರು, "ಡುರಾಂಡ್ ಕಪ್ ನೋಡೋಕೆ ಕಲ್ಕತ್ತೆಗೆ ಹೋಗೋಣ್ವಾ?" ಅಂದರೆ, "ನಿಮಗೆಲ್ಲೋ ಹುಚ್ಚು" ಎಂದು ಎದ್ದು ಹೋಗಬೇಡಿ. "ಬರ್ತೀನಿ, ಆದರೆ ಎರಡು ದಿನ ಚೆಂಡಿಗೆ, ಎರಡು ದಿನ ನನಗೆ" ಅನ್ನಿ. ಈ ಕರಾರು ಮೊದಲೇ ಆಗಿಬಿಡಬೇಕು. ರೈಲು ಹತ್ತಿದ ಮೇಲೆ ಗಂಡಸರ ಕಿವಿ ಕೇಳಿಸುವುದು ಕಡಿಮೆ. (ಈಗ ಕೋಲ್ಕತ ಅನ್ನಬೇಕಂತೆ. ನನ್ನ ಬಾಯಿಗೆ ಕಲ್ಕತ್ತೆಯೇ ಬರುತ್ತದೆ, ಕ್ಷಮಿಸಿ.)

ಡುರಾಂಡ್ ಕಪ್ ಏಷ್ಯಾದಲ್ಲೇ ಅತಿ ಹಳೆಯ ಫುಟ್‌ಬಾಲ್ ಟೂರ್ನಿ. ಬ್ರಿಟಿಷ್ ಇಂಡಿಯಾ ಸರ್ಕಾರದ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಮಾರ್ಟಿಮರ್ ಡುರಾಂಡ್ ಎಂಬವರು 1888ರಲ್ಲಿ ಶಿಮ್ಲಾದಲ್ಲಿ ಸಿಪಾಯಿಗಳಿಗಾಗಿ ಶುರು ಮಾಡಿದ್ದು. ಬಹಳ ಕಾಲ ದೆಹಲಿಯಲ್ಲಿದ್ದು, 2019ರಲ್ಲಿ ಕಲ್ಕತ್ತೆಗೆ ಬಂತು. ಗೆದ್ದವರಿಗೆ ಒಂದಲ್ಲ, ಮೂರು ಟ್ರೋಫಿ. ನಮ್ಮವರ ಹೆಮ್ಮೆಗೂ ಕಾರಣ ಉಂಟು: 2022ರ ಸೆಪ್ಟೆಂಬರ್ 18ರಂದು ಸುನಿಲ್ ಛೆತ್ರಿ ನಾಯಕತ್ವದ ಬೆಂಗಳೂರು ತಂಡ, ಮುಂಬಯಿಯನ್ನು 2-1ರಿಂದ ಸೋಲಿಸಿ ಕಪ್ ಎತ್ತಿದ್ದು ಅಲ್ಲೇ, ಸಾಲ್ಟ್‌ಲೇಕ್ ಕ್ರೀಡಾಂಗಣದಲ್ಲೇ.

"ಶ್ರಾವಣದಲ್ಲಿ ಮನೆ ಬಿಟ್ಟು ಹೋಗೋದು ಹೇಗೆ?" ಅಂತೀರಾ? ನಾನೂ ಹಾಗೇ ಅಂದಿದ್ದೆ. ಆಮೇಲೆ ಕ್ಯಾಲೆಂಡರ್ ತೆಗೆದು ನೋಡಿದೆ. ಫೈನಲ್ ಬಿದ್ದದ್ದು 2023ರಲ್ಲಿ ಸೆಪ್ಟೆಂಬರ್ 3, 2024ರಲ್ಲಿ ಆಗಸ್ಟ್ 31, 2025ರಲ್ಲಿ ಆಗಸ್ಟ್ 23. ಮೂರು ಸಲವೂ ವರಮಹಾಲಕ್ಷ್ಮಿ ವ್ರತ ಮುಗಿದ ಮೇಲೆ, ಗೌರಿ ಹಬ್ಬಕ್ಕೆ ಮುಂಚೆ! ನಡುವೆ ಕೃಷ್ಣಾಷ್ಟಮಿ ಒಂದುಂಟು. ಚಕ್ಕುಲಿ ಕರಿದಿಟ್ಟರೆ ರೈಲಿಗೂ ಆಯಿತು. ಆದರೂ ಆಯಾ ವರ್ಷದ ಪಂಚಾಂಗ ನೋಡಿಕೊಳ್ಳಿ.

ತೊಡಕಿರುವುದು ಟಿಕೆಟ್ಟಿನಲ್ಲಿ. ರೈಲಿನ ರಿಸರ್ವೇಶನ್ 60 ದಿನ ಮುಂಚೆ ತೆರೆಯುತ್ತದೆ, ಪಂದ್ಯಗಳ ಪಟ್ಟಿ ಹೊರಬೀಳುವುದು ಟೂರ್ನಿಗೆ ಕೆಲವೇ ವಾರ ಮುಂಚೆ. ಪಟ್ಟಿಗಾಗಿ ಕಾದರೆ ಬರ್ತ್ ಸಿಕ್ಕುವುದಿಲ್ಲ. ಆದ್ದರಿಂದ ನಿಮಗೆ ಅನುಕೂಲವಾದ ವಾರವನ್ನು ಮೊದಲು ಗೊತ್ತು ಮಾಡಿ ಬರ್ತ್ ಹಿಡಿಯಿರಿ. ಆ ವಾರ ಯಾವ ಪಂದ್ಯ ಸಿಕ್ಕರೆ ಅದು! ಇದನ್ನು ಯಜಮಾನರು ಒಪ್ಪುವುದು ಕಷ್ಟ. ಒಪ್ಪಿಸಿ. ಬೆಂಗಳೂರಿನಿಂದ ಹೌರಾಕ್ಕೆ ನೇರ ರೈಲುಗಳಿವೆ, ಒಂದು ದಿನಕ್ಕೂ ಮೇಲಿನ ಪ್ರಯಾಣ. ಹುಬ್ಬಳ್ಳಿ, ಬಳ್ಳಾರಿ ಕಡೆಯವರಿಗೆ ಅಮರಾವತಿ ಎಕ್ಸ್‌ಪ್ರೆಸ್ ಉಂಟು.

ಕಲ್ಕತ್ತೆಯಲ್ಲಿ ಕೋಣೆಯನ್ನು ಸಿಯಾಲ್ದಾ ಅಥವಾ ಎಸ್‌ಪ್ಲನೇಡ್ ಹತ್ತಿರ ಹಿಡಿಯಿರಿ. ಹೌರಾದಿಂದ ಹೂಗ್ಲಿ ನದಿಯ ಅಡಿಯಲ್ಲೇ ನುಗ್ಗಿ ಬರುವ ಮೆಟ್ರೊ ರೈಲು 2025ರ ಆಗಸ್ಟ್‌ನಿಂದ ಈ ಎರಡೂ ಕಡೆ ನಿಂತು, ನೇರವಾಗಿ ಸಾಲ್ಟ್‌ಲೇಕ್ ಸ್ಟೇಡಿಯಂ ನಿಲ್ದಾಣಕ್ಕೆ ಹೋಗುತ್ತದೆ. ರಾತ್ರಿ ಪಂದ್ಯ ಮುಗಿಸಿ ಟ್ಯಾಕ್ಸಿಯವನ ಹತ್ತಿರ ಚೌಕಾಸಿ ಮಾಡುವ ಗೋಳಿಲ್ಲ. ಕೊನೆಯ ರೈಲಿನ ಹೊತ್ತು ಮಾತ್ರ ಹೋಗುವಾಗಲೇ ಕೇಳಿಟ್ಟುಕೊಳ್ಳಿ.

ಇನ್ನು ಊಟ. ಮೋಹನ್ ಬಗಾನ್, ಈಸ್ಟ್ ಬೆಂಗಾಲ್ ಎಂದು ಅಲ್ಲಿ ಎರಡು ತಂಡ; ಮನೆ ಮನೆಯೂ ಇಬ್ಭಾಗ. ಮೋಹನ್ ಬಗಾನ್ ಗೆದ್ದರೆ ಸೀಗಡಿ, ಈಸ್ಟ್ ಬೆಂಗಾಲ್ ಗೆದ್ದರೆ ಹಿಲ್ಸಾ ಮೀನು, ಇದು ಅಡಿಗೆಮನೆಯ ಲೆಕ್ಕ! ನೀವು ಸಸ್ಯಾಹಾರಿಗಳೇ? "ನಿರಾಮಿಷ್" ಎಂಬ ಒಂದು ಶಬ್ದ ಕಲಿತು ಹೋಗಿ, ಸಾಕು. ಬಿಸಿ ಲೂಚಿ, ಜೊತೆಗೆ ಕಡಲೆಬೇಳೆಯ ಗಟ್ಟಿ ತೊವ್ವೆ. ಬೇಳೆ ಬೇಯಿಸಿ, ತುಪ್ಪದಲ್ಲಿ ಜೀರಿಗೆ, ಪಲಾವ್ ಎಲೆ, ಒಣಮೆಣಸಿನಕಾಯಿ, ಕೊಬ್ಬರಿ ಚೂರು ಹುರಿದು ಹಾಕಿ, ಚಿಟಿಕೆ ಸಕ್ಕರೆ ಸೇರಿಸುತ್ತಾರೆ. ಮನೆಗೆ ಬಂದು ಮಾಡಿದೆ. ಅತ್ತೆಯವರು ಎರಡು ಸಲ ಬಡಿಸಿಕೊಂಡರು. ಸಾರು-ಅನ್ನ ಬೇಕೇ ಬೇಕು ಅನ್ನುವವರಿಗೆ ಲೇಕ್ ಮಾರ್ಕೆಟ್ ಕಡೆ ದಕ್ಷಿಣದವರ ಹೋಟೆಲುಗಳಿವೆ.

ಮೊದಲ ಸಲಕ್ಕೆ ಈ ಎರಡು ತಂಡಗಳ ನಡುವಿನ ಪಂದ್ಯವನ್ನೇ ಆರಿಸಬೇಡಿ ಎಂಬುದು ನನ್ನ ಅಭಿಪ್ರಾಯ. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಇವರದೇ ಪಂದ್ಯದಲ್ಲಿ ಗಲಭೆಯಾಗಿ, ನೂಕುನುಗ್ಗಲಿಗೆ ಸಿಕ್ಕಿ 16 ಜನ ಸತ್ತರು. ಈಗ ಕುರ್ಚಿಗಳಿವೆ, ಬಂದೋಬಸ್ತಿದೆ, ಹೆಂಗಸರು ಮಕ್ಕಳು ಬರುತ್ತಾರೆ. ಆದರೂ ಬೇರೊಂದು ಪಂದ್ಯದಲ್ಲಿ ಗೇಟು, ಮೆಟ್ಟಿಲು, ಶೌಚಾಲಯ ಎಲ್ಲೆಲ್ಲಿ ಎಂದು ನೋಡಿಕೊಂಡಿದ್ದರೆ ಒಳ್ಳೆಯದು.

ನಮ್ಮ ಪರಿಚಯದ ದಂಪತಿಗಳ ಕಥೆ ಕೇಳಿ. 2024ರಲ್ಲಿ, ಶುಕ್ರವಾರ ವ್ರತ ಮುಗಿಸಿ, ಶನಿವಾರ ವಿಮಾನ ಹತ್ತಿ ಇಳಿಯುವಷ್ಟರಲ್ಲಿ ಭಾನುವಾರದ ಆ ದೊಡ್ಡ ಪಂದ್ಯ ರದ್ದು! ಆ ತಿಂಗಳು ಅಲ್ಲಿನ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯಲ್ಲಿದ್ದ ವೈದ್ಯೆಯ ಅತ್ಯಾಚಾರ, ಕೊಲೆ ನಡೆದು ಊರೇ ಬೀದಿಗಿಳಿದಿತ್ತು. ಪಂದ್ಯಕ್ಕೆ ಸಾಕಷ್ಟು ಪೊಲೀಸರಿರಲಿಲ್ಲ. ರಾಯರು ಮುಖ ಊದಿಸಿಕೊಂಡು ಲಾಡ್ಜಿನಲ್ಲಿ ಕೂತರು. ಆಕೆ ಬಿಡಲಿಲ್ಲ. ಬೆಳಿಗ್ಗೆಯೇ ಮೆಟ್ರೊದಲ್ಲಿ ದಕ್ಷಿಣೇಶ್ವರಕ್ಕೆ ಕರೆದುಕೊಂಡು ಹೋದರು, ಅಲ್ಲಿಂದ ದೋಣಿಯಲ್ಲಿ ಬೇಲೂರು ಮಠಕ್ಕೆ. (ಎರಡೂ ಕಡೆ ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ನೆನಪಿರಲಿ.) ಸಂಜೆ ಲಾಡ್ಜಿನ ಟೀವಿ ಹಾಕಿದರೆ, ಕ್ರೀಡಾಂಗಣದ ಹೊರಗೆ ಜನಸಾಗರ. ಒಬ್ಬರನ್ನೊಬ್ಬರು ಕಂಡರಾಗದ ಎರಡೂ ತಂಡದ ಅಭಿಮಾನಿಗಳು ಒಟ್ಟಿಗೆ ನಿಂತು ಆ ಹೆಣ್ಣುಮಗಳಿಗೆ ನ್ಯಾಯ ಕೇಳುತ್ತಿದ್ದರು! ಇವರ ಮಗಳು ನರ್ಸಿಂಗ್ ಓದುತ್ತಿದ್ದಳು. "ಯಾವ ಪಂದ್ಯ ನೋಡಿದೆವೋ ಮರೆತುಹೋಗ್ತಿತ್ತು ಕಣ್ರೀ. ಆ ರಾತ್ರಿ ಇವರೇ ಮೊದಲು ಫೋನ್ ತೆಗೆದು, 'ಪಾಳಿ ಮುಗೀತಾ ಪುಟ್ಟಿ?' ಅಂದ್ರು" ಎಂದು ಆಕೆ ಈಗಲೂ ಹೇಳುತ್ತಾರೆ.

ಆದ್ದರಿಂದ ಪಂದ್ಯ ತಪ್ಪಿದರೂ ಪ್ರವಾಸ ಕೆಡದಂತೆ ದಿನಗಳನ್ನು ಹೊಂದಿಸಿ. ವಿಕ್ಟೋರಿಯಾ ಮೆಮೋರಿಯಲ್ ಸೋಮವಾರ ಬೇಡ, ವಸ್ತುಸಂಗ್ರಹಾಲಯ ಮುಚ್ಚಿರುತ್ತದೆ. ಗರಿಯಾಹಾಟ್‌ನಲ್ಲಿ ತಾಂತ್ ಸೀರೆಗೆ ಒಂದು ಪೂರ್ತಿ ಮಧ್ಯಾಹ್ನ ಇರಲಿ, ಅವರನ್ನು ಚಹಾ ಅಂಗಡಿಯಲ್ಲಿ ಕೂರಿಸಿ. ಮಳೆಗಾಲ, ಕ್ರೀಡಾಂಗಣದ ಗೇಟಿನಲ್ಲಿ ಛತ್ರಿ, ನೀರಿನ ಬಾಟಲಿ ತೆಗೆದಿಡಿಸಬಹುದು. ಮಡಿಸಿ ಚೀಲಕ್ಕೆ ಹಾಕುವ ಪ್ಲಾಸ್ಟಿಕ್ ರೈನ್‌ಕೋಟು ಎರಡು ಇಲ್ಲಿಂದಲೇ ಒಯ್ಯಿರಿ.