ಮನೆಯ ಲೈಟ್ ಪದೇ ಪದೇ ಮಿಣುಕುತ್ತಿದೆಯೇ? ರಿಪೇರಿಗೆ ಎಷ್ಟು ಖರ್ಚು, ಕೊಡಬೇಕಾದವರು ಯಾರು? ಇಲ್ಲಿದೆ ಮಾಹಿತಿ

ನವಿ ಮುಂಬೈ: ಮಳೆಗಾಲ ಬಂತೆಂದರೆ ವಾಶಿಯ ಹಳೆಯ ಕಟ್ಟಡಗಳಲ್ಲಿ ಲೈಟ್ ಮಿಣುಕುವ ದೂರು ಹೊಸದೇನಲ್ಲ. ಹೆಚ್ಚಿನವರು ಮೊದಲು ಬಲ್ಬ್ ಬದಲಿಸುತ್ತಾರೆ. ಸರಿಹೋಗದಿದ್ದರೆ ವಯರ್‌ಮನ್‌ಗೆ ಫೋನ್ ಮಾಡುತ್ತಾರೆ. ಆತ ಬಂದು ‘ಇಡೀ ಮನೆಯ ವೈರಿಂಗ್ ತೆಗೆಸಬೇಕು’ ಎಂದುಬಿಟ್ಟರೆ ಅದು ಹತ್ತಾರು ಸಾವಿರ ರೂಪಾಯಿಯ ಮಾತು.

ಆದರೆ ದೋಷ ಮನೆಯೊಳಗೇ ಇರಬೇಕೆಂದಿಲ್ಲ. ಅದು ಸೊಸೈಟಿಯ ಮೀಟರ್ ರೂಮಿನಲ್ಲಿರಬಹುದು, ರಸ್ತೆಯ ಕೇಬಲ್‌ನಲ್ಲೂ ಇರಬಹುದು. ದೋಷ ಎಲ್ಲಿದೆ ಎನ್ನುವುದರ ಮೇಲೆಯೇ ಖರ್ಚು ಯಾರದ್ದು ಎಂಬುದು ತೀರ್ಮಾನವಾಗುತ್ತದೆ. ಹಾಗಾಗಿ ಹಣ ಕೊಡುವ ಮೊದಲು ಈ ವಿಷಯಗಳನ್ನು ತಿಳಿದುಕೊಳ್ಳಿ.

ಮೊದಲು ದೋಷ ಎಲ್ಲಿದೆ ಎಂದು ನೋಡಿ

ಈ ಪರೀಕ್ಷೆಗೆ ಒಂದು ಪೈಸೆಯೂ ಖರ್ಚಿಲ್ಲ.

* ಒಂದೇ ಲೈಟ್ ಮಿಣುಕಿದರೆ: ಬಲ್ಬ್, ಹೋಲ್ಡರ್ ಅಥವಾ ಸ್ವಿಚ್‌ನಲ್ಲಿ ದೋಷ. ಎಲ್‌ಇಡಿ ಬಲ್ಬ್‌ನೊಳಗಿನ ಡ್ರೈವರ್ ಹಾಳಾದರೂ ಹೀಗಾಗುತ್ತದೆ. ಅದೇ ಬಲ್ಬನ್ನು ಬೇರೆ ಕೋಣೆಯಲ್ಲಿ ಹಾಕಿ ನೋಡಿದರೆ ಗೊತ್ತಾಗುತ್ತದೆ.
* ಒಂದೇ ಕೋಣೆಯ ಲೈಟ್‌ಗಳು ಮಿಣುಕಿದರೆ: ಆ ಕೋಣೆಯ ಸ್ವಿಚ್ ಬೋರ್ಡ್ ಅಥವಾ ಜಂಕ್ಷನ್ ಬಾಕ್ಸ್‌ನಲ್ಲಿ ಜಾಯಿಂಟ್ ಸಡಿಲಾಗಿರುವ ಸಾಧ್ಯತೆ ಹೆಚ್ಚು.
* ಇಡೀ ಮನೆ ಮಿಣುಕಿ, ಪಕ್ಕದ ಮನೆ ಸರಿಯಿದ್ದರೆ: ನಿಮ್ಮ ಮೇನ್ ಸ್ವಿಚ್, ಎಂಸಿಬಿ, ಮೀಟರ್ ಅಥವಾ ಮೀಟರ್‌ನಿಂದ ಮನೆಗೆ ಬರುವ ಕೇಬಲ್ ಅನುಮಾನಿಸಬೇಕು.
* ಅಕ್ಕಪಕ್ಕದ ಮನೆಗಳಲ್ಲೂ ಮಿಣುಕಿದರೆ: ಕಟ್ಟಡದ ಮುಖ್ಯ ಪ್ಯಾನೆಲ್ ಅಥವಾ ಹೊರಗಿನ ಸರಬರಾಜಿನಲ್ಲಿ ದೋಷ.

ಸ್ವಿಚ್ ಆಫ್ ಮಾಡಿದ ಮೇಲೂ ಎಲ್‌ಇಡಿ ಮಂದವಾಗಿ ಮಿಣುಕಿದರೆ ಸಾಮಾನ್ಯವಾಗಿ ಅದಕ್ಕೆ ಸ್ವಿಚ್‌ನಲ್ಲಿರುವ ಸಣ್ಣ ಇಂಡಿಕೇಟರ್ ದೀಪ ಕಾರಣ. ಫ್ರಿಜ್, ಎಸಿ ಶುರುವಾದಾಗ ಕ್ಷಣಮಾತ್ರ ಬೆಳಕು ಕುಗ್ಗುವುದೂ ಸಹಜ. ಅದು ದಿನದಿಂದ ದಿನಕ್ಕೆ ಹೆಚ್ಚಾದರೆ ಮಾತ್ರ ನಿರ್ಲಕ್ಷಿಸಬೇಡಿ.

ವಾಶಿಯಲ್ಲಿ ಯಾಕೆ ಈ ಸಮಸ್ಯೆ?

ನವಿ ಮುಂಬೈ ಕಟ್ಟಲು ಸಿಡ್ಕೋ ಸ್ಥಾಪನೆಯಾಗಿದ್ದು 1970ರಲ್ಲಿ. ಮೊದಲು ಬೆಳೆದ ಬಡಾವಣೆಗಳಲ್ಲಿ ವಾಶಿಯೂ ಒಂದು. ಹೀಗಾಗಿ ಇಲ್ಲಿನ ಹಲವು ಕಟ್ಟಡಗಳಿಗೆ ನಾಲ್ಕು ದಶಕ ದಾಟಿದೆ. ಆ ಕಾಲದಲ್ಲಿ ದೇಶದ ಅನೇಕ ಮನೆಗಳಿಗೆ ಅಲ್ಯುಮಿನಿಯಂ ವೈರ್ ಹಾಕಲಾಗುತ್ತಿತ್ತು. ಹಳೆಯ ಅಲ್ಯುಮಿನಿಯಂ ವೈರ್‌ಗೆ ಹೊಸ ತಾಮ್ರದ ವೈರ್ ಹುರಿ ಮಾಡಿ ಸುತ್ತಿದರೆ ಆ ಜಾಯಿಂಟ್ ತೇವಕ್ಕೆ ಬೇಗ ಕಿಲುಬು ಹಿಡಿಯುತ್ತದೆ. ಜೊತೆಗೆ ಥಾಣೆ ಖಾರಿಯ ಉಪ್ಪುಗಾಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ, ಗೋಡೆಯ ಸೋರಿಕೆ ಸೇರಿದರೆ ಕೇಳುವುದೇ ಬೇಡ.

ಎಂಸಿಬಿ ಬೀಳಲಿಲ್ಲ ಎಂದು ಸುಮ್ಮನಿರಬೇಡಿ

‘ಅಪಾಯವಿದ್ದರೆ ಎಂಸಿಬಿ ಬೀಳುತ್ತಿತ್ತಲ್ಲ’ ಎಂದು ಹಲವರು ಭಾವಿಸುತ್ತಾರೆ. ಇದು ತಪ್ಪು. ಎಂಸಿಬಿ ಬೀಳುವುದು ಕರೆಂಟ್ ಮಿತಿ ಮೀರಿದಾಗ. ಸಡಿಲ ಜಾಯಿಂಟ್‌ನಲ್ಲಿ ಕರೆಂಟ್ ಹೆಚ್ಚಾಗುವುದಿಲ್ಲ, ಶಾಖ ಮಾತ್ರ ಹೆಚ್ಚುತ್ತದೆ. ಶಾಕ್‌ನಿಂದ ಕಾಪಾಡುವ ಆರ್‌ಸಿಸಿಬಿಗೂ ಇದು ಗೊತ್ತಾಗುವುದಿಲ್ಲ.

ಲೆಕ್ಕ ಹೀಗಿದೆ: ಜಾಯಿಂಟ್‌ನಲ್ಲಿ ಅರ್ಧ ಓಮ್ ಪ್ರತಿರೋಧವಿದ್ದು, ಗೀಸರ್‌ಗಾಗಿ 10 ಆಂಪಿಯರ್ ಹರಿದರೆ ಅಲ್ಲಿ 50 ವಾಟ್ ಶಾಖ ಹುಟ್ಟುತ್ತದೆ. ರೇಡಿಯೋ ರಿಪೇರಿಗೆ ಬಳಸುವ 25 ವಾಟ್ ಸೋಲ್ಡರಿಂಗ್ ಐರನ್‌ಗಿಂತ ಇದು ದುಪ್ಪಟ್ಟು. ಅದೂ ಗೋಡೆಯೊಳಗೆ, ಪ್ಲಾಸ್ಟಿಕ್ ಪೈಪ್‌ನ ಪಕ್ಕದಲ್ಲಿ.

ಖರ್ಚು ಎಷ್ಟಾಗಬಹುದು?

ಬ್ರಾಂಡ್ ಮತ್ತು ಅಂಗಡಿಗೆ ತಕ್ಕಂತೆ ದರ ಬದಲಾಗುತ್ತದೆ. ಸ್ಥೂಲ ಅಂದಾಜು ಹೀಗಿದೆ:

* ವಯರ್‌ಮನ್ ಬಂದು ಪರೀಕ್ಷಿಸಲು: 200ರಿಂದ 500 ರೂ.
* 9 ವಾಟ್ ಎಲ್‌ಇಡಿ ಬಲ್ಬ್: 80ರಿಂದ 150 ರೂ.
* ಹೋಲ್ಡರ್ ಅಥವಾ ಸ್ವಿಚ್: 30ರಿಂದ 150 ರೂ.
* ಒಂದು ಎಂಸಿಬಿ: 150ರಿಂದ 300 ರೂ., ಕೂಲಿ ಬೇರೆ
* ಒಂದು ಕೋಣೆಯ ವೈರಿಂಗ್: ಕೆಲವು ಸಾವಿರ ರೂ.
* ಇಡೀ ಫ್ಲಾಟ್‌ನ ವೈರಿಂಗ್: ಹತ್ತಾರು ಸಾವಿರ ರೂ.

ಪೂರ್ತಿ ವೈರಿಂಗ್‌ಗೆ ಒಪ್ಪುವ ಮುನ್ನ ಎರಡು ಪರೀಕ್ಷೆ ಮಾಡಿಸಿ. ಮೊದಲನೆಯದು, ಮೇನ್ ಸ್ವಿಚ್‌ನಲ್ಲಿ ಮತ್ತು ಮಿಣುಕುವ ಕೋಣೆಯಲ್ಲಿ ವೋಲ್ಟೇಜ್ ಅಳತೆ. ನಮ್ಮಲ್ಲಿ ಮನೆ ಸಂಪರ್ಕಕ್ಕೆ 230 ವೋಲ್ಟ್. ಶೇ 6ರಷ್ಟು ಏರಿಳಿತದ ಮಿತಿ ಹಿಡಿದರೆ ಸುಮಾರು 216ರಿಂದ 244 ವೋಲ್ಟ್. ಮೇನ್‌ನಲ್ಲೇ ವೋಲ್ಟೇಜ್ ಕುಣಿಯುತ್ತಿದ್ದರೆ ದೋಷ ಹೆಚ್ಚಾಗಿ ಹೊರಗಿನದು. ಅಲ್ಲಿ ಸ್ಥಿರವಾಗಿದ್ದು ಕೋಣೆಯಲ್ಲಿ ಮಾತ್ರ ಕುಣಿದರೆ ಒಳಗಿನದು. ಎರಡನೆಯದು ಮೆಗ್ಗರ್ ಪರೀಕ್ಷೆ. ಉಪಕರಣಗಳನ್ನೆಲ್ಲ ಕಳಚಿ ಪರೀಕ್ಷಿಸಿದಾಗ ವೈರಿಂಗ್‌ನ ಇನ್ಸುಲೇಷನ್ 1 ಮೆಗಾ ಓಮ್‌ಗಿಂತ ಕಡಿಮೆ ಬಂದರೆ ಮಾತ್ರ ವೈರ್ ಕೆಟ್ಟಿದೆ ಎನ್ನುವ ಮಾತಿಗೆ ಆಧಾರ ಸಿಗುತ್ತದೆ.

ಬಿಲ್ ಯಾರು ಕಟ್ಟಬೇಕು?

ವಾಶಿಗೆ ವಿದ್ಯುತ್ ಕೊಡುವುದು ಮಹಾವಿತರಣ. ಜನ ಇಂದಿಗೂ ಇದನ್ನು ಎಂಎಸ್‌ಇಬಿ ಎಂದೇ ಕರೆಯುತ್ತಾರೆ, ಆದರೆ ಆ ಮಂಡಳಿ 2005ರಲ್ಲೇ ವಿಭಜನೆಯಾಗಿದೆ. ಹೊರಗಿನ ಕೇಬಲ್ ಹಾಗೂ ಕಂಪನಿಯ ಮೀಟರ್ ಮಹಾವಿತರಣದ ಜವಾಬ್ದಾರಿ. ಮೀಟರ್ ಸೀಲನ್ನು ಖಾಸಗಿ ವಯರ್‌ಮನ್ ಮುಟ್ಟುವಂತಿಲ್ಲ. ದೂರಿಗೆ 1912ಕ್ಕೆ ಕರೆ ಮಾಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಹಲವರಿಗೆ ತಿಳಿಯದ ವಿಷಯ ಇನ್ನೊಂದಿದೆ. ಮಹಾರಾಷ್ಟ್ರದ ಸಹಕಾರಿ ಗೃಹನಿರ್ಮಾಣ ಸೊಸೈಟಿಗಳ ಮಾದರಿ ಉಪವಿಧಿಗಳ ಪ್ರಕಾರ, ಫ್ಲಾಟ್‌ನ ಮೇನ್ ಸ್ವಿಚ್‌ವರೆಗಿನ ವಿದ್ಯುತ್ ಲೈನ್ ದುರಸ್ತಿ ಸೊಸೈಟಿಯ ಖರ್ಚಿನಲ್ಲಿ ಆಗಬೇಕು. ಮಳೆನೀರಿನ ಸೋರಿಕೆ ಸರಿಪಡಿಸುವುದೂ ಇದೇ ಪಟ್ಟಿಯಲ್ಲಿದೆ. ಮೇನ್ ಸ್ವಿಚ್ ದಾಟಿದ ಮೇಲಿನ ಖರ್ಚು ಮಾತ್ರ ಫ್ಲಾಟ್ ಮಾಲೀಕರದ್ದು. ದೋಷ ಮೇನ್ ಸ್ವಿಚ್‌ಗಿಂತ ಮೊದಲೇ ಇದ್ದರೆ ಸೊಸೈಟಿ ಕಾರ್ಯದರ್ಶಿಗೆ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿ ಪಡೆಯಿರಿ. ಬಾಡಿಗೆ ಮನೆಯಾದರೆ ಲೀವ್ ಆ್ಯಂಡ್ ಲೈಸೆನ್ಸ್ ಕರಾರಿನಲ್ಲಿ ದುರಸ್ತಿ ಯಾರ ಪಾಲಿಗೆ ಎಂದಿದೆ ನೋಡಿ.

ಹೀಗಾದರೆ ತಕ್ಷಣ ಮೇನ್ ಆಫ್ ಮಾಡಿ

ಕೆಲವು ಲೈಟ್ ವಿಪರೀತ ಪ್ರಖರವಾಗಿ, ಇನ್ನು ಕೆಲವು ಮಂದವಾಗಿ ಉರಿದರೆ ನ್ಯೂಟ್ರಲ್ ಕಡಿದಿರಬಹುದು. ಮೂರು ಫೇಸ್ ಇರುವ ಕಟ್ಟಡದಲ್ಲಿ ಆಗ ಮನೆಯ ವೋಲ್ಟೇಜ್ 400ರ ಹತ್ತಿರಕ್ಕೂ ಏರಿ ಟಿವಿ, ಫ್ರಿಜ್ ಸುಡುವ ಅಪಾಯವಿದೆ. ಸ್ವಿಚ್ ಬೋರ್ಡ್ ಬಿಸಿಯಾದರೆ, ಚಟಪಟ ಸದ್ದು ಬಂದರೆ, ಸುಟ್ಟ ವಾಸನೆ ಬಂದರೆ ಅಥವಾ ಬೋರ್ಡ್ ಮೇಲೆ ನೀರು ಇಳಿಯುತ್ತಿದ್ದರೂ ಕಾಯಬೇಡಿ. ಕೈ ಒಣಗಿದ್ದು, ಮೇನ್ ಸ್ವಿಚ್‌ಗೆ ನೀರು ತಾಗಿಲ್ಲದಿದ್ದರೆ ಮಾತ್ರ ಅದನ್ನು ಆಫ್ ಮಾಡಿ.

ನಂತರ ಲೈಸೆನ್ಸ್ ಇರುವ ವಯರ್‌ಮನ್‌ನನ್ನೇ ಕರೆಯಿರಿ. ಯಾವ ಜಾಯಿಂಟ್ ಸರಿ ಮಾಡಿದ, ಯಾವ ಭಾಗ ಬದಲಿಸಿದ ಎಂದು ಬಿಲ್‌ನಲ್ಲಿ ಬರೆಸಿಕೊಳ್ಳಿ. ಸೊಸೈಟಿಯಿಂದ ಹಣ ಕೇಳಬೇಕಾದರೆ ಆ ಬಿಲ್ಲೇ ನಿಮಗೆ ಆಧಾರ.